ಮುಖ್ಯ ಅತಿಥಿ ಟೀವಿ, ಉಡದಾರದ ಕೀಲಿಕೈ

ಟೀವಿಗೆ ಹಾರ ಹಾಕಿ ಕಾಯಿ ಒಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವತ್ತು ಆಯುಧಪೂಜೆಯಲ್ಲ. ಟೀವಿ ಅಂದಿನ ಮುಖ್ಯ ಅತಿಥಿ. ಹೇಳಿದರೆ ಈಗಿನ ಟೀಚರುಗಳು ನಂಬುವುದಿಲ್ಲ. ಅವರಿಗೆ ಅಂಗೈಯಗಲದ ಮೊಬೈಲಿನಲ್ಲಿ ವೆಬಿನಾರು ಬರುತ್ತದೆ, ಒಗ್ಗರಣೆ ಹಾಕುತ್ತಲೇ ತರಬೇತಿ ಮುಗಿಸಿಬಿಡುತ್ತಾರೆ. ನಮ್ಮ ಕಾಲಕ್ಕೆ, ಅಂದರೆ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದ ಮೇಲೆ, ಹಗರಿಬೊಮ್ಮನಹಳ್ಳಿಯ ತರಬೇತಿ ಕೇಂದ್ರದ ಮಾಳಿಗೆ ಮೇಲೆ ಜಾತ್ರೆ ಅಡುಗೆಯ ಬಾಣಲೆಯಷ್ಟು ದೊಡ್ಡ ಡಿಶ್ ಕೂರಿಸಿದರು. ಬೆಂಗಳೂರಿನ ಸ್ಟುಡಿಯೋದಲ್ಲಿ ತಜ್ಞರು ಕೂತು ಮಾತಾಡುವುದು, ನಾವು ಇಲ್ಲಿ ಬೆಂಚಿನ ಮೇಲೆ ಕೂತು ಟೀವಿಯಲ್ಲಿ ಅವರನ್ನು ನೋಡುವುದು, ಸಂಶಯ ಬಂದರೆ ಫೋನು ಮಾಡಿ ಕೇಳುವುದು. ಇದಕ್ಕೆ ಟೆಲಿಕಾನ್ಫರೆನ್ಸ್ ಅಂತ ಹೆಸರು.

ಆ ಸಲದ ವಿಷಯ, ವಿದ್ಯಾರ್ಥಿಗಳ ಕ್ಷೇಮಪಾಲನೆಯಲ್ಲಿ ಶಾಲಾ ಸಿಬ್ಬಂದಿಯ ಪಾತ್ರ. ಪ್ರತಿ ಶಾಲೆಯಿಂದ ಹೆಡ್ ಮಾಸ್ತರರೂ ಒಬ್ಬ ಶಿಕ್ಷಕರೂ ಬರಬೇಕೆಂದು ಆದೇಶ. ತರಬೇತಿ ಅಂದರೆ ಮುಖ ಸಿಂಡರಿಸುವವಳು ನಾನು. ಆ ಸಲ ಮಾತ್ರ "ನಾನೇ ಬರ್ತೀನ್ರಿ ಸರ್" ಅಂತ ಮುಂದೆ ನಿಂತೆ. ನನಗೆ ಬೆಂಗಳೂರಿನವರ ಬಾಯಿಂದ ಒಂದೇ ಒಂದು ಮಾತು ಬೇಕಿತ್ತು. ಶಾಲೆಯ ಶೌಚಾಲಯದ ಬೀಗ ತೆಗೆಯಿರಿ ಅನ್ನುವ ಮಾತು.

ನಾನು ಹರಪನಹಳ್ಳಿಯ ಮಗಳು, ಕೊಟ್ಟೂರಿನ ಸೊಸೆ. ಶಾಲೆ ಇದ್ದದ್ದು ತಂಬ್ರಹಳ್ಳಿ ದಾಟಿ ಒಳಗಿನ ಒಂದು ಹಳ್ಳಿಯಲ್ಲಿ, ದಿನಾ ಬಸ್ಸು ಬದಲಿಸಿಕೊಂಡು ಹೋಗಬೇಕು. ಆ ಶಾಲೆಗೆ ಒಂದು ಶೌಚಾಲಯ ಕಟ್ಟಿಕೊಟ್ಟಿದ್ದರು. ಎಂಥ ಶೌಚಾಲಯ ಅಂತೀರಿ! ನಮ್ಮ ಮನೆಯ ದೇವರ ಕೋಣೆಗೂ ಇಲ್ಲದ ಬಿಳಿ ಟೈಲ್ಸು, ಬಾಗಿಲ ಮೇಲೆ ಎರಡು ಜಡೆಯ ಹುಡುಗಿಯ ಚಿತ್ರ, ಆ ಹುಡುಗಿಯ ಹೊಟ್ಟೆಯ ಮೇಲೆ ಸರಿಯಾಗಿ ಮುಷ್ಟಿಗಾತ್ರದ ಬೀಗ. ಅದರ ಕೀಲಿಕೈ ಹೆಡ್ ಮಾಸ್ತರರ ಉಡದಾರದಲ್ಲಿ.

ಹೆಡ್ ಮಾಸ್ತರರು ಕೆಟ್ಟವರಲ್ಲ. ಕದಿಯುವವರಲ್ಲ, ಮಕ್ಕಳಿಗೆ ಹೊಡೆಯುವವರೂ ಅಲ್ಲ. ಅವರಿಗಿದ್ದದ್ದು ಒಂದೇ ಭಯ, ಸಾಹೇಬರ ಭಯ.

"ಅಲ್ರಿ ಮೇಡಂ, ಹುಡುಗ್ರು ಅಂದ್ರ ಹುಡುಗ್ರು. ವಾರದಾಗ ಹೊಲಸೆಬ್ಬಿಸಿ ಬಿಡ್ತಾರ. ಸಾಹೇಬ್ರು ಬಂದು ಬಾಗಿಲಾ ತಗಸಿದ್ರ ನಾ ಎಲ್ಲಿ ಮುಖ ಇಟ್ಕೊಳ್ಳಿ?" ಅನ್ನುತ್ತಿದ್ದರು.

"ಅದನ್ನ ಕಟ್ಟಿದ್ದು ಯಾರಿಗೆ ಸರ್? ಸಾಹೇಬ್ರಿಗೋ, ಹುಡುಗ್ರಿಗೋ?"

"ಹುಡುಗ್ರಿಗೇ. ಅದಕ್ಕ ಅವ್ರ ಸಲುವಾಗಿ ಜ್ವಾಪಾನ ಮಾಡಿ ಇಟ್ಟೀನಿ."

ಇಂಥ ಮಾತಿಗೆ ಏನು ಹೇಳುತ್ತೀರಿ? ಹಣೆ ಹಣೆ ಚಚ್ಚಿಕೊಳ್ಳಬೇಕು. ನಾನು ಎಷ್ಟೇ ಬಡಬಡಿಸಿದರೂ ಅವರ ಕೊನೆಯ ಮಾತು ಒಂದೇ: "ಮ್ಯಾಲಿಂದ ಬರ್ಲಿ." ಮೇಲಿನಿಂದ ಮಾತು ಬಂದರೆ ಅವರು ಬಾವಿಗೆ ಬೇಕಾದರೂ ಹಾರುತ್ತಿದ್ದರು. ಬರದಿದ್ದರೆ ಕಾಲಿಗೆ ಸಿಕ್ಕ ಕಾಗದವನ್ನೂ ಎತ್ತುತ್ತಿರಲಿಲ್ಲ.

ಮೊದಲೆಲ್ಲ ಹುಡುಗಿಯರು ಶಾಲೆಯ ಹಿಂದಿನ ಬಳ್ಳಾರಿ ಜಾಲಿಯ ಪೊದೆಯ ಮರೆಗೆ ಹೋಗಿ ಬರುತ್ತಿದ್ದರು. ಶಾಲೆ ಚೆಂದ ಕಾಣಬೇಕೆಂದು ಮೇಲಿನಿಂದ ಮಾತು ಬಂತು, ಹೆಡ್ ಮಾಸ್ತರರು ನಿಂತು ಜಾಲಿ ಕಡಿಸಿದರು. ಈಗ ಹಿಂದೆ ಬರೀ ಬಯಲು, ಬಯಲಿನ ಆಚೆಗೆ ಗಂಡಸರು ಬೀಡಿ ಸೇದುತ್ತಾ ಬಸ್ಸು ಕಾಯುವ ಕಟ್ಟೆ. ಗಂಡುಹುಡುಗರಿಗೇನು, ಎಲ್ಲಿ ಗೋಡೆ ಕಂಡರೆ ಅಲ್ಲಿ ಆಯಿತು. ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟರು.

ಅವರಲ್ಲಿ ಒಬ್ಬಳು ಏಳನೇ ತರಗತಿಯವಳು. ಲೆಕ್ಕವನ್ನು ಬಾಯಲ್ಲೇ ಮಾಡಿ, ನಾನು ಬೋರ್ಡಿನ ಮೇಲೆ ಉತ್ತರ ಬರೆಯುವ ಮೊದಲೇ ಹೇಳಿ, ಸರಿಯೋ ಅಂತ ನನ್ನ ಮುಖ ನೋಡುವವಳು. ಆ ವರ್ಷ ಶಾಲೆ ಶುರುವಾದಾಗಿನಿಂದ ಪ್ರಾರ್ಥನೆಗೆ ನಿಂತಲ್ಲೇ ತಲೆ ತಿರುಗಿ ಬೀಳತೊಡಗಿದಳು. ಕಿಬ್ಬೊಟ್ಟೆ ನೋವು, ಉರಿಮೂತ್ರ, ಮೇಲೆ ಜ್ವರ. ಪಕ್ಕಕ್ಕೆ ಕರೆದು ಕೇಳಿದೆ.

"ನೀರು ಕುಡದ್ರ ಹೋಗ್ಬೇಕಾಕ್ಕತಿ ಟೀಚರ್. ಎಲ್ಲಿಗಿ ಹೋಗ್ಲಿ? ಮುಂಜಾನಿ ಮನ್ಯಾಗ ಒಂದು ಗುಟುಕು ಕುಡೀತೀನಿ, ಆಮ್ಯಾಲ ಸಂಜಿಗೇ."

ಹೇಳುವಾಗ ಅವಳಿಗೆ ನಾಚಿಕೆ, ಕೇಳುವಾಗ ನನಗೆ ಮೈಯೆಲ್ಲಾ ಉರಿ.

ಅವಳ ಅಪ್ಪ ಅವ್ವ ಬೆಳಿಗ್ಗೆ ಕೂಲಿಗೆ ಹೋದರೆ ಕತ್ತಲಾದ ಮೇಲೆ ಬರುವವರು. ಮನೆಯಲ್ಲಿ ನಡೆಯುವುದು ಅಜ್ಜಿಯ ಮಾತು. ಅಜ್ಜಿ ಒಂದು ದಿನ ಶಾಲೆಗೇ ಬಂದು ನನ್ನ ಎದುರಿಗೆ ನಿಂತಳು. "ಸಾಲಿ ಇವಳಿಗೆ ಆಗಿ ಬರವಲ್ದು ಟೀಚರಮ್ಮ. ಮನ್ಯಾಗಿದ್ರ ಕಲ್ಲಿದ್ದಂಗ ಇರ್ತಾಳ, ಸಾಲಿಗಿ ಬಂದ್ರ ಬೀಳ್ತಾಳ. ಬಿಡಿಸಿಬಿಡ್ತೀನಿ."

ನಾನು ಕಾರಣ ಹೇಳಿದೆ. ಅಜ್ಜಿ ಬೀಗದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಹಂಗಾದ್ರ ಕೀಲಿ ತಗಸ್ರಿ. ಅಷ್ಟಕ್ಕ ಯಾಕ ಇಷ್ಟು ಮಾತು?"

ಬೆಂಗಳೂರಿನ ದೊಡ್ಡ ಡಾಕ್ಟರು ಟೀವಿಯಲ್ಲಿ ಬರುತ್ತಾರೆ, ಅವರ ಬಾಯಿಂದಲೇ ಹೇಳಿಸುತ್ತೇನೆ, ಅಲ್ಲಿಯವರೆಗೆ ತಡಿ ಅಂದೆ.

"ಆತು, ನೀವು ಹೋಗಿ ಬರೋತನಕ ತಡೀತೀನಿ. ಕೀಲಿ ತಗದ್ರ ಬರ್ತಾಳ, ಇಲ್ಲಾಂದ್ರ ಇಲ್ಲ" ಅಂದು ಅಜ್ಜಿ ಸೆರಗು ಕೊಡವಿ ಹೋದಳು. ಹಿಂದೆ ಬಾಗಿಲ ಮರೆಯಲ್ಲಿ ನಿಂತು ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ಹೀಗೆ ನಾನೂ ಹೆಡ್ ಮಾಸ್ತರರೂ ತರಬೇತಿಗೆ ಹೊರಟೆವು. ಕೂಡ್ಲಿಗಿ, ಕಾನಹೊಸಹಳ್ಳಿ, ಹಡಗಲಿ ಕಡೆಯವರೆಲ್ಲ ಬಂದಿದ್ದರು, ಸುತ್ತಮುತ್ತ ಡಿಶ್ ಕೆಡದೆ ಇದ್ದದ್ದು ಇದೊಂದೇ ಕೇಂದ್ರದಲ್ಲಿ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಧ್ಯದಲ್ಲಿ ಮೇಜಿನ ಮೇಲೆ ಜರಿಯಂಚಿನ ಬಟ್ಟೆ ಹಾಸಿ ಟೀವಿ. ಕೇಂದ್ರದ ಸಂಯೋಜಕರು, ಅಂದರೆ ಅಲ್ಲಿನ ತರಬೇತಿಗೆಲ್ಲ ಯಜಮಾನರು, ಶರ್ಟಿನ ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಮದುವೆ ಮನೆಯ ಹಿರಿಯರಂತೆ ಓಡಾಡುತ್ತಿದ್ದರು. ಉದ್ಘಾಟನೆಗೆ ಬರಬೇಕಿದ್ದ ಸಾಹೇಬರು ಬರಲಿಲ್ಲ. ಅವರಿಗೆಂದು ತಂದ ಚೆಂಡುಹೂವಿನ ಹಾರ ಮಾತ್ರ ಬಂದು ತಟ್ಟೆಯಲ್ಲಿ ಕೂತಿತ್ತು. ಒಳ್ಳೇ ತೊಡೆಗಾತ್ರದ ಹಾರ.

ಸಂಯೋಜಕರು ಹಾರವನ್ನು ನೋಡಿದರು, ಟೀವಿಯನ್ನು ನೋಡಿದರು. "ಇವತ್ತು ನಮ್ಮ ಮುಖ್ಯ ಅತಿಥಿಗಳು ಟೀವಿಯೊಳಗಿಂದ ಮಾತಾಡ್ತಾರ. ಅಂದಮ್ಯಾಲ ಹಾರ ಅವ್ರಿಗೇ ಸಲ್ಲಬೇಕು" ಅಂದರು. ಟೀವಿಯ ನೆತ್ತಿಯ ಮೇಲೆ ಹಾರ ಬಿತ್ತು. ಅದು ಜಾರಿ ಬೀಳಬಾರದೆಂದು ಹಿಂದೆ ಸುತಳಿಯಿಂದ ಬಿಗಿದು ಕಟ್ಟಿದರು. ಕಾಯಿ ಒಡೆದರು. ನಾವು ಚಪ್ಪಾಳೆ ತಟ್ಟಿದೆವು. ನಮ್ಮ ಜನಕ್ಕೆ ಚಪ್ಪಾಳೆ ತಟ್ಟಲು ಕಾರಣ ಬೇಕೇನು?

ಆಮೇಲೆ ಮಾಳಿಗೆ ಮೇಲಿದ್ದವನು ಡಿಶ್ ತಿರುಗಿಸುತ್ತಾ "ಬಂತೇನ್ರೀ?" ಅಂತ ಕೂಗುವುದು, ಕೆಳಗಿನವರು "ಬಂತು, ಬಂತು... ಏ ಹೋತು!" ಅನ್ನುವುದು ಬಹಳ ಹೊತ್ತು ನಡೆಯಿತು. ಕಡೆಗೆ ತಜ್ಞರು ಮೂಡಿದರು. ಕನ್ನಡಕ, ನೆರೆತ ಕೂದಲು, ಗಲ್ಲದ ಕೆಳಗೆಲ್ಲ ಚೆಂಡುಹೂವು. ಅವರು "ಎಲ್ಲರಿಗೂ ನಮಸ್ಕಾರ" ಅಂದದ್ದೇ ತಡ, ಕೋಣೆಯಷ್ಟೂ ಎದ್ದು ನಿಂತು ಕೈಮುಗಿಯಿತು.

"ಕೂಡ್ರಿ ಕೂಡ್ರಿ" ಅಂದ ಸಂಯೋಜಕರು ದನಿ ಇಳಿಸಿ, "ಯಾರೂ ತೂಕಡಿಸಬ್ಯಾಡ್ರಿ, ಅಲ್ಲಿಂದ ನಾವು ಕಾಣ್ತೀವಿ" ಅಂತ ಎಚ್ಚರಿಸಿದರು. ಕೆಲವು ಹೆಂಗಸರು ಸೆರಗು ಸರಿ ಮಾಡಿಕೊಂಡರು.

ತಜ್ಞರು ಹೇಳಿದ್ದೆಲ್ಲ ಬಂಗಾರದಂಥ ಮಾತೇ, ಸುಳ್ಳು ಹೇಳಬಾರದು. ಮಕ್ಕಳ ಮನಸ್ಸು ಹೂವಿನಂಥದು, ಮಕ್ಕಳು ನಗುತ್ತಿರಬೇಕು, ಮಕ್ಕಳು ಗಂಟೆಗೊಮ್ಮೆ ನೀರು ಕುಡಿಯಬೇಕು. ನೀರಿನ ವಿಷಯಕ್ಕೆ ಬಂದಾಗ ಅವರು ತಾವೇ ಒಂದು ಗಾಜಿನ ಲೋಟ ಎತ್ತಿ ಗಟಗಟನೆ ಕುಡಿದು ತೋರಿಸಿದರು. ಅದೇ ಹೊತ್ತಿಗೆ ಕೇಂದ್ರದ ಜವಾನನೂ ತಟ್ಟೆಯಲ್ಲಿ ನೀರಿನ ಲೋಟ ಹಿಡಿದು ಬಂದ. ಗಂಡಸರ ಸಾಲಿನಲ್ಲಿ ಲೋಟಗಳೆಲ್ಲ ಖಾಲಿ. ಮತ್ತೆ ತುಂಬಿಸಿಕೊಂಡು ಹೆಂಗಸರ ಸಾಲಿಗೆ ಬಂದರೆ ಒಬ್ಬೊಬ್ಬರೂ "ಬ್ಯಾಡಪ್ಪ", "ಈಗ ಕುಡ್ದೀನಿ", "ಆಮ್ಯಾಲ ನೋಡೂನು" ಅಂತ ತಲೆಯಾಡಿಸಿದರು. ತುಂಬಿದ ತಟ್ಟೆ ತುಂಬಿದಂತೆಯೇ ವಾಪಸು ಹೋಯಿತು.

ನನ್ನ ಪಕ್ಕದಲ್ಲಿ ಹಡಗಲಿಯ ಟೀಚರೊಬ್ಬಳು ಮುಡಿತುಂಬ ಮಲ್ಲಿಗೆ ಮುಡಿದು ಕೂತಿದ್ದಳು. ಬಾಯಿ ನನಗಿಂತ ಜೋರು. ಎದ್ದು ನಿಂತು ಕೇಳಿಯೇಬಿಟ್ಟಳು: "ಸರ್, ಇಲ್ಲಿ ಹೆಣ್ಮಕ್ಕಳಿಗೆ ಅಂತ ಒಂದು ಐತೆಲ್ರಿ ಹಿಂದ, ಅದರಾಗ ಏನ್ ಇಟ್ಟೀರಿ?"

"ಟೀವಿ ಡಬ್ಬಿ ರೀ" ಅಂದರು ಸಂಯೋಜಕರು. "ಗ್ಯಾರಂಟಿ ಮುಗಿಯೋತನಕ ಡಬ್ಬಿ ಒಗಿಬಾರ್ದಂತ. ಡಿಶ್ಶಿಂದೂ ಅಲ್ಲೇ ಐತಿ."

"ಕೇಳಿದ್ರೇನ್ರಿ ಅಕ್ಕಾ? ಡಬ್ಬಿಗೆ ಇರೋ ಭಾಗ್ಯ ನಮಗಿಲ್ಲ" ಅಂದು ಅವಳು ಕೂತಳು. ನಗಬೇಕು ಅನ್ನಿಸಿತು. ಜೋರಾಗಿ ನಗುವಂಥ ಸ್ಥಿತಿಯಲ್ಲಿ ನಾವ್ಯಾರೂ ಇರಲಿಲ್ಲ, ಬೆಳಿಗ್ಗೆ ಮನೆ ಬಿಟ್ಟವರು.

"ಈಗ ಪರದೆಯ ಕೆಳಭಾಗದಲ್ಲಿ ಕಾಣುತ್ತಿರುವ ಸಂಖ್ಯೆಗೆ ಕರೆ ಮಾಡಿ, ನಿಮ್ಮ ಪ್ರಶ್ನೆ ಕೇಳಬಹುದು" ಅಂದರು ತಜ್ಞರು.

ಎಲ್ಲರೂ ಪರದೆಯ ಕೆಳಭಾಗ ನೋಡಿದೆವು. ಚೆಂಡುಹೂವು.

"ಹಾರ ಸ್ವಲ್ಪ ಸರಿಸ್ರಿ" ಅಂದರು ಯಾರೋ. ಸಂಯೋಜಕರು ಹೌಹಾರಿದರು. "ಏ, ಹಾಕಿದ ಹಾರಕ್ಕ ಕೈ ಹಚ್ಚಬಾರ್ದ್ರೀ! ಅತಿಥಿಗಳು ಇನ್ನೂ ಮಾತಾಡಾಕತ್ಯಾರ. ಅವ್ರ ಎದುರಿಗೇ ಹಾರ ತಗದ್ರ ಅವಮಾನ ಆಗಂಗಿಲ್ಲೇನು?" ಬೆಂಗಳೂರಿನಲ್ಲಿ ಕೂತ ಮನುಷ್ಯನಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಅವಮಾನ! ಬೇರೆ ಬೇರೆ ಕೇಂದ್ರದವರು ಫೋನು ಮಾಡಿ ಕೇಳುತ್ತಿದ್ದರು, ತಜ್ಞರು ಉತ್ತರ ಹೇಳುತ್ತಿದ್ದರು, ನಾವು ಹೂವು ನೋಡುತ್ತಿದ್ದೆವು. ಗಡಿಯಾರದ ಮುಳ್ಳು ಓಡುತ್ತಿತ್ತು. ನನ್ನ ಕಣ್ಣ ಮುಂದೆ ಬಾಗಿಲ ಮರೆಯ ಆ ಹುಡುಗಿ. ತಡೆಯಲಾಗಲಿಲ್ಲ, ಎದ್ದು ಟೀವಿಯ ಹತ್ತಿರ ಹೋದೆ.

"ಮೇಡಂ, ಮೇಡಂ!"

"ತೆಗೆಯಲ್ಲ ಕಣ್ರೀ ಸರ್. ಅತಿಥಿಗಳಿಗೆ ಹಾರ ಭಾರ ಆಗೈತೆ, ಸ್ವಲ್ಪ ಎತ್ತಿ ಹಿಡೀತೀನಿ" ಅಂದವಳೇ ಎರಡೂ ಕೈಯಲ್ಲಿ ಹಾರ ಎತ್ತಿ ಹಿಡಿದು ನಿಂತೆ. ತಜ್ಞರ ಮುಖ ಮುಚ್ಚಿಹೋಯಿತು, ನಂಬರು ಕಂಡಿತು. ಹಡಗಲಿಯವಳು ಗಬಕ್ಕನೆ ಅಂಗೈ ಮೇಲೆ ಬರೆದುಕೊಂಡಳು.

ಆದರೆ ಫೋನಿಗೆ ಬಾಯಿ ಹಚ್ಚುವ ಹಕ್ಕು ಎಲ್ಲರಿಗೂ ಇರಲಿಲ್ಲ. ನಮ್ಮ ಕೇಂದ್ರದ ಪ್ರಶ್ನೆ ಏನು, ಕೇಳುವವರು ಯಾರು ಅನ್ನುವುದನ್ನು ಸಂಯೋಜಕರು ಹಿಂದಿನ ದಿನವೇ ಗೊತ್ತು ಮಾಡಿದ್ದರು. ಕೇಳುವವರು ನಮ್ಮ ಹೆಡ್ ಮಾಸ್ತರರು. ಸೇವೆಯಲ್ಲಿ ಹಿರಿಯರು, ದನಿ ಗಟ್ಟಿ. ಪ್ರಶ್ನೆ ಹೀಗಿತ್ತು: "ಮಾನ್ಯರೇ, ಕಾರ್ಯಕ್ರಮ ಅತ್ಯಂತ ಉಪಯುಕ್ತವಾಗಿ ಮೂಡಿಬರುತ್ತಿದೆ. ಇಂಥ ಕಾರ್ಯಕ್ರಮಗಳನ್ನು ನಾವು ಇನ್ನೂ ಹೆಚ್ಚು ನೋಡಲು ಏನು ಮಾಡಬೇಕು?" ನಾನು ಹೆಡ್ ಮಾಸ್ತರರ ಪಕ್ಕಕ್ಕೆ ಸರಿದು ನಿಂತೆ. ಅವರ ಪ್ರಶ್ನೆ ಮುಗಿದ ತಕ್ಷಣ ರಿಸೀವರ್ ಕಿತ್ತುಕೊಳ್ಳುವುದೇ ಅಂತ ತೀರ್ಮಾನಿಸಿದ್ದೆ.

ಲೈನು ಸಿಕ್ಕಿತು. ಹೆಡ್ ಮಾಸ್ತರರು ಚಪ್ಪಲಿ ಬಿಟ್ಟು, ನೆಟ್ಟಗೆ ನಿಂತು, ಹಾಳೆ ನೋಡಿ ಪ್ರಶ್ನೆ ಓದಿದರು. ತಜ್ಞರು ಧನ್ಯವಾದ ಹೇಳಿ ಅಲ್ಲಿಗೇ ಬಿಡಬೇಕೋ ಬೇಡವೋ! ಎದುರು ಪ್ರಶ್ನೆ ಹಾಕಿದರು: "ನಿಮ್ಮ ಶಾಲೆಯಲ್ಲಿ ಮಕ್ಕಳಿಗೆ ಶೌಚಾಲಯ ಇದೆಯಾ ಸರ್?"

ಅಯ್ಯೋ ಪುಣ್ಯಾತ್ಮ, ಕೇಳಿದೆಯಲ್ಲ ಕೊನೆಗೂ!

"ಐತ್ರಿ ಸರ್" ಅಂದರು ಹೆಡ್ ಮಾಸ್ತರರು. ಹಾಳೆಯಲ್ಲಿ ಇಲ್ಲದ ಮಾತು, ಆದರೂ ತಡವರಿಸಲಿಲ್ಲ. ಅವರ ಮುಖ ಅರಳಿತು. "ಬಾಳ ಸ್ವಚ್ಛ ಐತ್ರಿ ಸರ್. ಕಟ್ಟಿದಾಗಿಂದ ಇವತ್ತಿನತನಕ ಒಬ್ಬರೂ ಕಾಲಿಟ್ಟಿಲ್ರಿ! ಕೀಲಿಕೈ ನನ್ನ ಹತ್ರನೇ ಐತ್ರಿ."

ಸಾಲುಸಾಲು ಶಾಲೆಗಳ ಸಿಬ್ಬಂದಿ ಬಾಯಿ ತೆರೆದು ಕೂತಿತ್ತು. ತಜ್ಞರು ತಮ್ಮ ಮುಂದಿನ ಕಾಗದವನ್ನೇನೋ ತಿರುವುತ್ತಿದ್ದರು. ತಲೆಯೆತ್ತಿ ನಕ್ಕರು.

"ಬಹಳ ಸಂತೋಷ. ಇದೇ ರೀತಿ ಮುಂದುವರಿಸಿ. ಮುಂದಿನ ಕರೆ ಯಾರದು?"

ನಾನು ರಿಸೀವರ್ ಕಿತ್ತುಕೊಂಡು "ಸರ್, ಸರ್, ಬೀಗ ತೆಗೆಯಿರಿ ಅನ್ರಿ!" ಅಂತ ಕೂಗಿದೆ. ಕೂಗಿದ್ದು ಸತ್ತ ಫೋನಿಗೆ. ಕೋಣೆಯಲ್ಲಿ ಚಪ್ಪಾಳೆ. ನಮ್ಮ ಕೇಂದ್ರವನ್ನು ಬೆಂಗಳೂರು ಹೊಗಳಿತ್ತು. ಸಂಯೋಜಕರು ಹೆಡ್ ಮಾಸ್ತರರ ಕೈ ಹಿಡಿದು ಕುಲುಕುತ್ತಿದ್ದರು. ನನಗೆ ಅಳು ಒತ್ತಿ ಬಂತು. ಮೇಲಿನಿಂದ ಮಾತು ಬರಲಿ ಅಂತ ನಾನು ಹೋದೆ, ಮಾತೇನೋ ಬಂತು, ನನ್ನ ಹುಡುಗಿಯ ಕುತ್ತಿಗೆಗೇ ಬಂತು. ಬೆಂಚಿಗೆ ವಾಪಸು ಬಂದು ಕೂತೆ. ಹಡಗಲಿಯವಳು ನನ್ನ ಬೆನ್ನು ಸವರಿ, "ಏನ್ ಮಂದಿ ಇವ್ರು ಅಕ್ಕಾ, ಮಾತು ಕೇಳ್ಯಾರ, ಕಿವಿಯೊಳಗ ಬಿಟ್ಕೊಂಡಿಲ್ಲ" ಅಂದಳು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹೆಡ್ ಮಾಸ್ತರರು ನನಗೆ ಮಂಡಕ್ಕಿ ಮಿರ್ಚಿ ಕೊಡಿಸಿದರು. ಅವರ ಕಾಲು ನೆಲದ ಮೇಲಿರಲಿಲ್ಲ. "ಕೇಳಿದ್ರಿಲ್ಲೋ ಮೇಡಂ? ಇದೇ ರೀತಿ ಮುಂದುವರಿಸಿ ಅಂದ್ರು. ನೀವು ಸುಮ್ಮನ ನನ್ನ ಮ್ಯಾಲ ಹರಿಹಾಯ್ತಿದ್ರಿ."

ಮಿರ್ಚಿಯ ಖಾರವೋ, ಹೊಟ್ಟೆಯ ಸಂಕಟವೋ, ನನಗೆ ಆಗ ಬುದ್ಧಿ ಓಡಿತು. ಈ ಮನುಷ್ಯನಿಗೆ ಹುಡುಗಿಯ ನೋವು ಹೇಳಿ ಪ್ರಯೋಜನವಿಲ್ಲ. ಇವರಿಗೆ ಅರ್ಥವಾಗುವ ಭಾಷೆ ಒಂದೇ.

"ಅದೇ ನನಗೆ ಯೋಚನೆ ಆಗೈತೆ ಸರ್" ಅಂದೆ, ಮುಖ ಗಂಭೀರ ಮಾಡಿಕೊಂಡು. "ಬೆಂಗಳೂರು ಪೂರಾ ಕೇಳಿಸ್ಕೊಂಡೈತೆ. ಅಷ್ಟು ಹೊಗಳಿದ ಮೇಲೆ ನೋಡೋಕೆ ಬರದೆ ಇರ್ತಾರಾ?"

ಹೆಡ್ ಮಾಸ್ತರರ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು. "ಬಂದ್ರ ಬರ್ಲಿ. ಕನ್ನಡಿ ಇದ್ದಂಗ ಐತಿ."

"ಅದೇ ತಪ್ಪಾಗಿರೋದು. ಕನ್ನಡಿ ಇದ್ದಂಗಿದ್ರೆ, ಸರ್ಕಾರ ಇಷ್ಟು ಖರ್ಚು ಮಾಡಿ ಕಟ್ಟಿದ್ದನ್ನ ಯಾಕೆ ಬಳಸಿಲ್ಲ ಅಂತ ಕೇಳ್ತಾರೆ. ಬಳಸಿದ ಗುರುತು ಬೇಕು ಸರ್. ಗುರುತು ಇಲ್ಲಾಂದ್ರೆ ಉತ್ತರ ಕೊಡೋರು ನೀವೇ."

"ಗುರುತಂದ್ರ?"

"ನೀರು ಚೆಲ್ಲಿರಬೇಕು, ಬಕೀಟು ಇರಬೇಕು, ಹುಡುಗ್ರು ದಿನಾ ಹೋಗಿ ಬಂದಿರಬೇಕು. ಒಂದೆರಡು ದಿನದ್ದಲ್ಲ, ಹಳೇ ಗುರುತು ಕಾಣಬೇಕು."

ಅವರು ಬಸ್ಸಿನಲ್ಲಿ ತಂಬ್ರಹಳ್ಳಿ ಬರುವವರೆಗೂ ಸೊಂಟದ ಕೀಲಿಕೈ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು ಅಂತ ಆಮೇಲೆ ತಿಳಿಯಿತು, ಅದೇ ಬಸ್ಸಿನಲ್ಲಿದ್ದ ಊರವರೊಬ್ಬರು ಹೇಳಿದರು. ನಾನು ಕೊಟ್ಟೂರಿನ ಬಸ್ಸು ಹತ್ತಿ, ಮನೆ ಮುಟ್ಟಿ, ಸೀದಾ ಹಿತ್ತಲಿಗೆ ಓಡಿದೆ.

ಮರುದಿನ ಪ್ರಾರ್ಥನೆ ಮುಗಿದದ್ದೇ ಹೆಡ್ ಮಾಸ್ತರರು ಗೋಡೆಯ ಕಡೆ ತಿರುಗಿ ನಿಂತು, ಅಂಗಿ ಎತ್ತಿ, ಬಹಳ ಕಷ್ಟಪಟ್ಟು ಉಡದಾರದಿಂದ ಕೀಲಿಕೈ ಬಿಚ್ಚಿದರು. ಬೀಗ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ಕಲ್ಲಿನಿಂದ ಕುಟ್ಟಿ ತೆಗೆಯಬೇಕಾಯಿತು. ಒಳಗೆ ಬಿಳಿ ಟೈಲ್ಸು ಫಳಫಳ. ಮೂಲೆಯಲ್ಲೊಂದು ಕಣಜದ ಗೂಡು, ಅವು ಮಾತ್ರ ಯಾವ ಸಾಹೇಬರಿಗೂ ಹೆದರದೆ ವಾಸವಾಗಿದ್ದವು. ನಲ್ಲಿ ಇತ್ತು, ನಲ್ಲಿಗೆ ನೀರಿರಲಿಲ್ಲ. ಹುಡುಗಿಯರು ಕೇಳಬೇಕೇ, ಬೋರಿನ ಕಡೆ ಕೊಡ ಹಿಡಿದು ಓಡಿದರು. ಹೆಡ್ ಮಾಸ್ತರರು ಹೊರಗೆ ನಿಂತು "ಹೋಗ್ರಿ, ಎಲ್ಲಾರೂ ಹೋಗಿ ಬರ್ರಿ, ಯಾರೂ ಬಿಡಬಾರ್ದು, ಬಾಳ ಸ್ವಚ್ಛ ಮಾಡಬ್ಯಾಡ್ರಿ!" ಅಂತ ಕವಾಯತಿನ ದನಿಯಲ್ಲಿ ಆಜ್ಞೆ ಕೊಡುತ್ತಿದ್ದರು. ಇಂಥ ಕ್ಷೇಮಪಾಲನೆ ಯಾವ ತಜ್ಞರ ತಲೆಗೂ ಹೊಳೆದಿರಲಾರದು.

ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಬಂದಳು. ಬಿಡಿಸಲು ಬಂದಳೋ ಬಿಡಲು ಬಂದಳೋ, ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. "ಏನಂದ್ರು ದೊಡ್ಡ ಡಾಕ್ಟ್ರು?"

"ನೀರು ಕುಡೀಬೇಕು ಅಂದ್ರು ಅಜ್ಜಿ."

"ನೀರು ಕುಡಿ ಅನ್ನಾಕ ಬೆಂಗಳೂರ್ಯಾಕ ಬೇಕಿತ್ತು?" ಅಂದವಳು ತೆರೆದ ಬಾಗಿಲು ಕಂಡು ಸೀದಾ ಒಳಗೆ ಹೋದಳು. ಒಳಗಿನಿಂದ ಚಿಲಕ ಹಾಕಿದ ಸದ್ದು, ನೀರು ಸುರಿದ ಸದ್ದು. ಹೊರಗೆ ಬಂದು ಸೆರಗಿಗೆ ಕೈ ಒರೆಸಿಕೊಂಡಳು. "ಚಲೋ ಐತಿ. ಬರ್ತಾಳ ಬಿಡ್ರಿ. ಮತ್ತ ಕೀಲಿ ಬಿತ್ತಂದ್ರ ಮಾತ್ರ ನಾ ನಿಮ್ಮ ಬೆಂಗಳೂರಿನವ್ರನ್ನ ಕೇಳಾಕ ಹೋಗಂಗಿಲ್ಲ, ಈ ಮಾಸ್ತರನ್ನೇ ಕೇಳ್ತೀನಿ."

ಹೆಡ್ ಮಾಸ್ತರರು ಮುಖ ಆ ಕಡೆ ತಿರುಗಿಸಿದರು. ಅವರಿಗೆ ಮೇಲಿನವರು ಇನ್ನೊಬ್ಬರು ಹುಟ್ಟಿಕೊಂಡರು.

ಅಜ್ಜಿ ಹೋದ ಮೇಲೆ ಹುಡುಗಿಯನ್ನು ಕರೆದು, ತರಗತಿಯ ಮೂಲೆಯ ಮಡಕೆಯಿಂದ ಒಂದು ಚೊಂಬು ನೀರು ತುಂಬಿ ಕೈಗೆ ಕೊಟ್ಟೆ. "ಕುಡಿಯವ್ವಾ. ಹೊಟ್ಟೆ ತುಂಬ ಕುಡಿ."

ಅವಳು ಕುಡಿಯಲಿಲ್ಲ. ಎರಡೂ ಕೈಯಲ್ಲಿ ಚೊಂಬು ಹಿಡಿದುಕೊಂಡು, ಲೆಕ್ಕದ ಉತ್ತರ ಹೇಳಿ ನೋಡುವಂತೆಯೇ ನನ್ನ ಮುಖ ನೋಡಿದಳು.

"ಮೊದ್ಲು ನೀವು ಕುಡೀರಿ ಟೀಚರ್."

"ನನಗ್ಯಾಕೆ?"

"ನೀವೂ ಕುಡಿಯಂಗಿಲ್ಲಲ್ಲ. ನಾ ಒಂದನೇ ಕ್ಲಾಸಿನಿಂದ ನೋಡಾಕತ್ತೀನಿ. ಊಟ ಮಾಡಿದ್ರೂ ಬರೇ ಕೈ ತೊಳ್ಕೊಂಡು ಎದ್ದುಬಿಡ್ತೀರಿ."

ಚೊಂಬು ತೆಗೆದುಕೊಂಡು ಎತ್ತಿ ಕುಡಿದೆ. ಆ ಊರಿನ ನೀರು ಉಪ್ಪುಪ್ಪು, ಸವಳು ಅನ್ನುವುದು ನನಗೆ ಗೊತ್ತಾದದ್ದು ಅವತ್ತೇ.

ನಾನು ಮುಖ ಹಿಂಡಿದ್ದು ಕಂಡು ಅವಳು ಫಕ್ಕನೆ ನಕ್ಕಳು. "ನಮ್ಮೂರ ನೀರು ಹಂಗ ಟೀಚರ್. ದಿನಾ ಕುಡೀರಿ, ರೂಢಿ ಆಕ್ಕತಿ" ಅಂದು, ಚೊಂಬು ಇಸಿದುಕೊಂಡು, ತಾನೂ ಕುಡಿದಳು.